ಬುಲ್ವೆಯ ಎದುರು ಒಂದು ಕೂ

ಹೊರಡುವ ಮೊದಲು

ಉಗಾಂಡಕ್ಕೆ ಹೋಗಿ ಬಂದೆವು ಎಂದ ಕೂಡಲೇ ಸುಳ್ಯದಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಸಿಂಹ ಕಂಡಿತಾ?" ಇಲ್ಲ ಮಾರಾಯ್ರೆ, ಸಿಂಹ ಕಾಣಲಿಲ್ಲ. ಆನೆಯೂ ಕಾಣಲಿಲ್ಲ. ಆನೆ ನೋಡಲು ನಮ್ಮೂರು ಆಲೆಟ್ಟಿಯವರು ಅಷ್ಟು ದೂರ ಹೋಗಬೇಕೆಂದೂ ಇಲ್ಲ, ಬಾಳೆಗೊನೆ ಬಲಿತರೆ ಅದೇ ಹುಡುಕಿಕೊಂಡು ಬರುತ್ತದೆ. ನಾವು ಹೋದದ್ದು ಒಂದು ಹಕ್ಕಿ ನೋಡಲು. ಹಾಗೆಂದ ಮೇಲೆ ಕೇಳಿದವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಅಡಿಕೆ ಧಾರಣೆಯ ಮಾತು ತೆಗೆಯುತ್ತಾರೆ.

ಹಕ್ಕಿಯ ಹುಚ್ಚು ನನ್ನದಲ್ಲ, ಇವರದ್ದು. ನನ್ನ ಗಂಡ ಅಡಿಕೆ ಕೃಷಿಕರು. ಆದರೆ ಕೊಳೆರೋಗಕ್ಕೆ ಮದ್ದು ಬಿಡುವ ದಿನವೂ ಇವರ ಕುತ್ತಿಗೆಯಲ್ಲಿ ದುರ್ಬೀನು ನೇತಾಡುತ್ತಿರುತ್ತದೆ. ಕೆಲಸದವರು ಗೊನೆ ನೋಡುತ್ತಿದ್ದರೆ ಇವರು ಗೊನೆಯ ಆಚೆ ಕೂತ ಮರಕುಟಿಗವನ್ನು ನೋಡುತ್ತಾರೆ. ಮದುವೆಗೆ ಮುಂಚೆ ಪುತ್ತೂರಿನ ಒಂದು ಟೈಲರ್ ಅಂಗಡಿಯಲ್ಲಿ, ಅಂಗಿಯ ಅಳತೆ ಕೊಡುತ್ತಾ, ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಹಕ್ಕಿಯ ಚಿತ್ರ ನೋಡಿದ್ದರಂತೆ. ಶಾಲೆಗೆ ಹೋಗುವ ಮಗುವಿನಷ್ಟು ಎತ್ತರ, ಬೂದಿ ಬಣ್ಣ, ಮುಖದಲ್ಲಿ ದೊಡ್ಡ ಮರದ ಮೆಟ್ಟು ಸಿಕ್ಕಿಸಿದ ಹಾಗೆ ಕೊಕ್ಕು. ಆಫ್ರಿಕದ ಜೌಗು ಕೆರೆಗಳಲ್ಲಿ ಮಾತ್ರ ಇರುವುದು. ಅಲ್ಲಿಂದ ಇಲ್ಲಿಯವರೆಗೆ ಮನೆಯಲ್ಲಿ ಯಾರು ಯಾವ ದೇಶದ ಹೆಸರೆತ್ತಿದರೂ ಇವರು ಆ ಹಕ್ಕಿಯ ಸುದ್ದಿಗೆ ಬಂದು ನಿಲ್ಲುತ್ತಿದ್ದರು.

ಹೋದ ವರ್ಷ ಮಂಗಳೂರಿನ ಕಣ್ಣಿನ ಡಾಕ್ಟರು ಒಂದು ಮಾತು ಹೇಳಿದರು. ದೃಷ್ಟಿಯ ನಡುಭಾಗ ಮಸುಕಾಗುತ್ತಾ ಹೋಗುತ್ತದೆ, ಅಂಚು ಉಳಿಯುತ್ತದೆ. ಮದ್ದು ಇರುವುದು ತಡಮಾಡಲು ಮಾತ್ರ. ನಾನು ಅಳುತ್ತಾ ಮನೆಗೆ ಬಂದೆ. ದಾರಿಯಲ್ಲಿ ಬಸ್ಸು ಮಾಣಿ ಪೇಟೆ ದಾಟಿದ ಮೇಲೆ ಇವರು ಹೇಳಿದರು: "ಹಾಗಾದ್ರೆ ಆ ಹಕ್ಕಿಯನ್ನು ಈಗಲೇ ನೋಡಿ ಬರ್ಬೇಕು."

"ನನ್ನ ಮುಖ ನೋಡ್ಲಿಕ್ಕೆ ಇಲ್ವಾ?" ಎಂದೆ.

"ಅದು ಬಾಯಿಪಾಠ ಆಗಿದೆಯಲ್ಲ."

ಆಮೇಲೆ ಊಟದ ಬಟ್ಟಲಲ್ಲಿ ಹಸಿಮೆಣಸು ಯಾವುದು, ಬೆಂಡೆ ಯಾವುದು ಎಂದು ತಿಳಿಯದೆ ಇವರು ಮೆಣಸು ಕಚ್ಚುವುದು ಶುರುವಾಯಿತು. ಅದೇ ಹೊತ್ತಿಗೆ ಅಂಗಳದ ಬದಿಯಲ್ಲಿ ಏನಾದರೂ ಹಾರಿದರೆ "ಕಾಜಾಣ" ಎಂದು ಥಟ್ಟನೆ ಹೇಳುತ್ತಾರೆ. ಇದು ಯಾವ ಸೀಮೆಯ ಕುರುಡೋ ಎಂದು ನನಗೆ ಅರ್ಥವಾಗುತ್ತಿರಲಿಲ್ಲ. ಇನ್ನೊಂದು ಹೊಸ ಚಾಳಿಯೂ ಹತ್ತಿತು. ನಾನು ಎದುರು ಕೂತು ಮಾತಾಡುತ್ತಿದ್ದರೆ ಇವರು ಮುಖ ತಿರುಗಿಸಿ ಬಾವಿಯ ಕಡೆಯೋ ದನದ ಹಟ್ಟಿಯ ಕಡೆಯೋ ನೋಡುವುದು. ಹೆಂಡತಿ ಮಾತಾಡುವಾಗ ಹಟ್ಟಿ ನೋಡುವ ಗಂಡನನ್ನು ಕಂಡರೆ ಯಾರಿಗೆ ಮೈ ಉರಿಯುವುದಿಲ್ಲ, ನೀವೇ ಹೇಳಿ.

ಅಡಿಸ್ ಅಬಾಬದಲ್ಲಿ ಅರ್ಧ ಕೂ

ನಮ್ಮ ಕಡೆ ಒಂದು ಗುಡ್ಡಕ್ಕೆ ಒಂದು ಮನೆ. ತೋಟ ಕೆಳಗೆ, ಅಡಿಗೆಮನೆ ಮೇಲೆ. ಕೆಳಗಿದ್ದವರನ್ನು ಊಟಕ್ಕೆ ಕರೆಯಬೇಕಾದರೆ ಅಂಗಳದ ತುದಿಗೆ ಬಂದು ಬಾಯಿಗೆ ಕೈ ಅಡ್ಡ ಹಿಡಿದು "ಕೂ" ಎಂದು ಉದ್ದಕ್ಕೆ ಎಳೆಯುವುದು. ಕೆಳಗಿನಿಂದಲೂ "ಕೂ" ಬರಬೇಕು. ಬಂದರೆ ಎಲ್ಲ ಸರಿ ಉಂಟು ಎಂದು ಅರ್ಥ. ಬಾರದಿದ್ದರೆ ಇನ್ನೊಮ್ಮೆ ಹಾಕುವುದು. ಆಗಲೂ ಬಾರದಿದ್ದರೆ ಒಲೆಯ ಮೇಲೆ ಏನಿದ್ದರೂ ಬಿಟ್ಟು ಓಡುವುದು. ಹಾವೋ, ಮರದಿಂದ ಬಿದ್ದದ್ದೋ, ಏನೋ ಆಗಿದೆ. ಕೇಳಿಸಿಯೂ ಕೂಗೆ ಮರುಕೂ ಕೊಡದೆ ಇರುವುದು ನಮ್ಮಲ್ಲಿ ಇಲ್ಲ. ಜಗಳವಾಡಿ ಮಾತು ಬಿಟ್ಟ ಗಂಡ ಹೆಂಡತಿಯೂ ಕೂಗೆ ಮಾತ್ರ ಉತ್ತರ ಕೊಡುತ್ತಾರೆ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಆದರೆ ತೋಟದಲ್ಲಿ ರೇಂಜ್ ಇಲ್ಲ. ಹಾಗಾಗಿ ಕೂ ಇನ್ನೂ ಉಳಿದಿದೆ.

ವಿಮಾನ ಬದಲಿಸುವ ಅಡಿಸ್ ಅಬಾಬದಲ್ಲಿ ಇವರು "ಈಗ ಬಂದೆ" ಎಂದು ಶೌಚಾಲಯಕ್ಕೆ ಹೋದವರು ಬರಲೇ ಇಲ್ಲ. ಫಲಕಗಳನ್ನು ಓದಲಾಗದೆ ಎತ್ತ ಹೋದರೋ ಎಂದು ದಾರಿಯನ್ನೇ ನೋಡಿದೆ. ಕಾದೆ, ಎದ್ದು ನಿಂತೆ, ಕೈ ತಾನಾಗಿ ಬಾಯಿಯ ಹತ್ತಿರ ಬಂತು. ಅರ್ಧ "ಕೂ" ಹೊರಗೆ ಬಿದ್ದೇ ಬಿಟ್ಟಿತು. ಪಕ್ಕದಲ್ಲಿ ಮಲಗಿದ್ದ ಒಬ್ಬರು ಎದ್ದು ಕೂತರು. ಅಷ್ಟರಲ್ಲಿ ಇವರು ಕಂಬದ ಆಚೆಯಿಂದ ಬಂದರು.

"ಎಂತ ಮಾರಾಯ್ತಿ, ಇಲ್ಲಿ ಕೂ ಹಾಕಿದ್ರೆ ಪೊಲೀಸರು ಬಂದಾರು."

"ನೀವು ಕಾಣ್ಲಿಲ್ಲ, ಮತ್ತೆಂತ ಮಾಡುದು?"

ಅಲ್ಲಿಯೇ ಇವರು ನನ್ನಿಂದ ಮಾತು ತೆಗೆದುಕೊಂಡರು. ಕೆರೆಯಲ್ಲಿ ಬಾಯಿ ತೆರೆಯಬಾರದು. ಆ ಹಕ್ಕಿ ಗಂಟೆಗಟ್ಟಲೆ ಕಲ್ಲಿನ ಹಾಗೆ ನಿಲ್ಲುವ ಜಾತಿ, ಸದ್ದು ಕೇಳಿದರೆ ಎದ್ದು ಹೋಗುತ್ತದೆ, ಹೋದರೆ ಮತ್ತೆ ಎಲ್ಲಿ ಇಳಿಯುತ್ತದೋ ಗೊತ್ತಿಲ್ಲ. "ನನ್ಗೆ ಇನ್ನೊಂದ್ಸಲ ಬರ್ಲಿಕ್ಕೆ ಕಣ್ಣು ಇರುದಿಲ್ಲ," ಎಂದರು. ಹೇಳುವಾಗ ನನ್ನನ್ನು ನೋಡದೆ ಆಚೆ ಕಾಫಿ ಅಂಗಡಿ ನೋಡುತ್ತಿದ್ದರು. ಕೋಪ ಬಂದರೂ ಆಯಿತು ಎಂದು ತಲೆಯಾಡಿಸಿದೆ.

ಕಂಪಾಲದ ಹಲಸು

ಕಂಪಾಲದಲ್ಲಿ ನನ್ನ ಚಿಕ್ಕಪ್ಪನ ಮಗಳು ಶಾರದೆಯ ಮನೆ. ಅವಳ ಗಂಡ ಅಲ್ಲಿ ಹಾರ್ಡ್‌ವೇರ್ ವ್ಯಾಪಾರ ಮಾಡುತ್ತಾನೆ. ಶಾರದೆ ಇಲ್ಲದಿದ್ದರೆ ನಾವು ಅಷ್ಟು ಧೈರ್ಯ ಮಾಡುತ್ತಿರಲಿಲ್ಲ.

ಕೆಂಪು ಮಣ್ಣು, ಗುಡ್ಡದ ಮೇಲೆ ಗುಡ್ಡ, ಎಲ್ಲಿ ನೋಡಿದರೂ ಬಾಳೆ. ಕೆದಂಬಾಡಿಯ ನನ್ನ ತವರಿನ ದಾರಿಯಲ್ಲಿಯೇ ಹೋಗುತ್ತಿದ್ದ ಹಾಗಿತ್ತು. ಕಾಯಿಬಾಳೆಯನ್ನು ಬಾಳೆಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸುತ್ತಾರೆ. ಬಾಳೆಲೆಯಲ್ಲಿ ಬೆಂದದ್ದು ಯಾವ ದೇಶದ್ದಾದರೂ ನನಗೆ ಸೇರುತ್ತದೆ. ಉಪ್ಪು ಮಾತ್ರ ಕಡಿಮೆ. ನಾನು ಊರಿನಿಂದ ಒಯ್ದ ಮಿಡಿ ಉಪ್ಪಿನಕಾಯಿ ಆ ಮನೆಯಲ್ಲಿ ಎರಡು ಊಟಕ್ಕೆ ಮುಗಿಯಿತು.

ರಸ್ತೆ ಬದಿಯಲ್ಲಿ ಒಬ್ಬಳು ಹಲಸಿನ ಹಣ್ಣು ಕೊಯ್ದು ಮಾರುತ್ತಿದ್ದಳು. ಹಲಸು ನೋಡಿ ನಾನು ಶಾರದೆಯ ಕಾರು ನಿಲ್ಲಿಸಲು ಹೇಳಿದೆ. ಹಣ್ಣು ಗಟ್ಟಿ ಸೊಳೆಯ ಒಳ್ಳೆಯ ಬಕ್ಕೆ. ಆದರೆ ಅವಳು ಸೊಳೆ ಬಿಡಿಸಿ ಒಳಗಿನ ಬೀಜಗಳನ್ನು, ಎಂದರೆ ಬೇಳೆಗಳನ್ನೆಲ್ಲ, ಹಿಂದಿನ ಚರಂಡಿಗೆ ಎಸೆಯುತ್ತಿದ್ದಳು. ನನಗೆ ಹೊಟ್ಟೆ ಉರಿಯಿತು. ಅದನ್ನು ಬೇಯಿಸಬಹುದು, ಸುಡಬಹುದು, ಸಾಂಬಾರಿಗೆ ಹಾಕಬಹುದು ಎಂದು ಕೈ ಬಾಯಿ ತಿರುಗಿಸಿ ಹೇಳಿದೆ. ಅವಳು ನಕ್ಕು, ಉಳಿದ ಬೇಳೆಗಳನ್ನು ಒಂದು ಚೀಲಕ್ಕೆ ತುಂಬಿ ನನಗೇ ಕೊಟ್ಟಳು. ಆ ಚೀಲ ಹಿಡಿದುಕೊಂಡೇ ನಾನು ಮರುದಿನ ಕೆರೆಗೆ ಹೋದದ್ದು. ಶಾರದೆ ಬೆಳಿಗ್ಗೆ ಎದ್ದು ಉಪ್ಪು ಹಾಕಿ ಬೇಯಿಸಿ ಕೊಟ್ಟಿದ್ದಳು.

ಮಬಾಂಬದ ದಂಡೆ

ಮಬಾಂಬ ಎನ್ನುವುದು ವಿಕ್ಟೋರಿಯಾ ಸರೋವರದ ಒಂದು ಮೂಲೆಯ ಜೌಗು. ಕೆರೆ ಎಂದುಕೊಂಡು ಹೋದರೆ ನೀರೇ ಕಾಣುವುದಿಲ್ಲ. ಕಣ್ಣು ಹಾಯುವಷ್ಟು ದೂರ ಹಸಿರು, ನಮ್ಮ ಗದ್ದೆಬದಿಯ ಜಂಬು ಹುಲ್ಲನ್ನು ಎರಡಾಳೆತ್ತರ ಬೆಳೆಸಿ ತುದಿಗೆ ಕುಚ್ಚು ಕಟ್ಟಿದ ಹಾಗಿನ ಪಪೈರಸ್. ಅದರ ನಡುವೆ ದೋಣಿ ಹೋಗುವಷ್ಟು ಸಣ್ಣ ನೀರಿನ ಓಣಿಗಳು.

ದೋಣಿಯವರು ಇಬ್ಬರು ಅವಳಿ ಅಣ್ಣತಮ್ಮಂದಿರು. ಅಣ್ಣ ವಾಸ್ವಾ, ತಮ್ಮ ಕಾಟೊ. ಅಲ್ಲಿ ಅವಳಿ ಗಂಡು ಹುಟ್ಟಿದರೆ ಮೊದಲು ಬಂದವನು ವಾಸ್ವಾ, ಆಮೇಲಿನವನು ಕಾಟೊ ಎಂದೇ ಹೆಸರಂತೆ, ಬೇರೆ ಹೆಸರು ಹುಡುಕುವ ತಲೆಬಿಸಿ ಇಲ್ಲ. ನಮ್ಮಲ್ಲಿ ರಾಮ ಲಕ್ಷ್ಮಣ ಎಂದು ಇಡುತ್ತೇವೆ ಎಂದು ಇವರು ಇಂಗ್ಲಿಷಿನಲ್ಲಿ ವಿವರಿಸಿದರು. ಹಕ್ಕಿಗೆ ಅವರ ಭಾಷೆಯಲ್ಲಿ ಬುಲ್ವೆ ಎನ್ನುತ್ತಾರೆ.

"ನನ್ನ ಅಪ್ಪ ಮೀನು ಹಿಡಿಯುತ್ತಿದ್ದರು," ಎಂದ ವಾಸ್ವಾ. "ಬುಲ್ವೆ ಕಂಡರೆ ಆ ದಿನ ಬಲೆಗೆ ಏನೂ ಬೀಳುವುದಿಲ್ಲ ಎಂದು ನಂಬಿಕೆ. ಕಂಡ ಕೂಡಲೇ ಓಡಿಸುತ್ತಿದ್ದರು. ನಾನು ಅದನ್ನು ತೋರಿಸಿ ಮಕ್ಕಳನ್ನು ಓದಿಸುತ್ತಿದ್ದೇನೆ. ಅಪ್ಪ ಇದ್ದಿದ್ದರೆ ಬೈಯುತ್ತಿದ್ದರು."

ಮನೆಯಿಂದ ಹೊರಡುವಾಗ ಕುಪ್ಪುಳು ಹಕ್ಕಿ ಎದುರಾದರೆ ಒಳ್ಳೆಯದಾಗುತ್ತದೆ ಎಂದು ನನ್ನ ಅತ್ತೆ ಹೇಳುತ್ತಿದ್ದರು. ಈ ಸಲ ಹೊರಡುವಾಗ ಅದು ಎದುರಾಗಿತ್ತು. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಫಲ ಕಡಿಮೆಯಾದೀತು ಎಂಬ ಹೆದರಿಕೆ.

ನಾವು ಗಂಡ ಹೆಂಡತಿ ಒಂದೇ ದೋಣಿ ಹತ್ತಲು ಹೊರಟರೆ ವಾಸ್ವಾ ನನ್ನ ಗಾತ್ರ ನೋಡಿದ, ದೋಣಿ ನೋಡಿದ. ಬಹಳ ಮರ್ಯಾದೆಯಿಂದ ನನ್ನನ್ನು ತಮ್ಮನ ದೋಣಿಗೆ ಕಳಿಸಿದ. ಇವರ ಜೊತೆಗೆ ಒಬ್ಬ ವಿದೇಶಿ ಹೆಂಗಸು ಕೂತಳು. ಬಿಳಿ ಕೂದಲು, ನಮ್ಮ ಮದ್ದು ಬಿಡುವ ಪಂಪಿನಷ್ಟು ದೊಡ್ಡ ಕ್ಯಾಮೆರಾ. ಅವಳೂ ಇದೊಂದೇ ಹಕ್ಕಿಗಾಗಿ ಬಂದವಳು. ಸೀರೆಯ ಮೇಲೆ ಕಿತ್ತಳೆ ಬಣ್ಣದ ತೇಲುವ ಅಂಗಿ ತೊಟ್ಟು, ಬೇಳೆಯ ಚೀಲ ಮಡಿಲಲ್ಲಿಟ್ಟುಕೊಂಡು ನಾನು ಕಾಟೊನ ದೋಣಿಯಲ್ಲಿ ಕೂತೆ. ಇವರು ಅಲ್ಲಿಂದಲೇ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು.

ನೀರಿನ ಓಣಿಗಳು

ಮೊದಲಿಗೆ ಎರಡು ದೋಣಿಗಳೂ ಹಿಂದೆ ಮುಂದೆ ಹೋದವು. ನೈದಿಲೆಯ ಎಲೆಗಳ ಮೇಲೆ ಉದ್ದ ಬೆರಳಿನ ಹಕ್ಕಿಗಳು ಅಂಗಳದಲ್ಲಿ ನಡೆದ ಹಾಗೆ ನಡೆಯುತ್ತಿದ್ದವು. ನಮ್ಮ ಹೊಳೆಯಲ್ಲಿ ಇರುವಂಥದ್ದೇ ಕಪ್ಪುಬಿಳಿ ಮಿಂಚುಳ್ಳಿ ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿದು ಧುಮುಕಿತು. ಮುಂದಿನ ದೋಣಿಯಲ್ಲಿ ಇವರ ಕೈ ಮೇಲೇರಿತು. ಅದು ಇವರಿಗೆ ಕಂಡಿತ್ತು. ನನಗೆ ಸಮಾಧಾನವಾಯಿತು.

ಆಮೇಲೆ ಓಣಿ ಕವಲೊಡೆಯಿತು. ಮುಂದಿನ ದೋಣಿ ತಿರುಗಿ ಕಾಣದಾಯಿತು. ನಮ್ಮ ದೋಣಿ ತೇಲುವ ಹುಲ್ಲಿನ ಹೆಪ್ಪಿಗೆ ಸಿಕ್ಕಿಬಿತ್ತು. ಕಾಟೊ ಕೋಲು ಹಾಕಿ ನೂಕಿದ, ಕತ್ತಿಯಿಂದ ಬೇರು ಕಡಿದ, ಕೊನೆಗೆ ನನ್ನನ್ನು ನೋಡಿ ನಕ್ಕು ಬೇಳೆ ಕೇಳಿದ. ಇಬ್ಬರೂ ಬೇಳೆ ತಿಂದೆವು. ಅವನಿಗೆ ಹಿಡಿಸಿತು.

ತಿಂದು ಮುಗಿಯುವಾಗ ಸರೋವರದ ಕಡೆಯಿಂದ ಮೋಡ ಎದ್ದಿತು. ಗಾಳಿಗೆ ಪಪೈರಸ್ ಕುಚ್ಚುಗಳೆಲ್ಲ ಒಂದೇ ಬದಿಗೆ ಬಾಗಿದವು. ದೋಣಿ ಇನ್ನೂ ಹುಲ್ಲಿನಿಂದ ಬಿಡಿಸಿಕೊಂಡಿರಲಿಲ್ಲ. ಎಲ್ಲೂ ಒಂದು ಮನುಷ್ಯರ ಸದ್ದಿಲ್ಲ. ಅಣ್ಣನ ದೋಣಿ ಎಲ್ಲಿ ಎಂದು ಕೈಯಲ್ಲಿ ಕೇಳಿದರೆ ಕಾಟೊ ಒಮ್ಮೆ ಎಡಕ್ಕೆ ತೋರಿಸಿದ, ಯೋಚಿಸಿ ಬಲಕ್ಕೂ ತೋರಿಸಿದ. ಎದುರಿಗಿಟ್ಟ ಲೋಟವೂ ಕಾಣದ ಮನುಷ್ಯ ಎಲ್ಲಿದ್ದಾರೆ, ದೋಣಿ ಅಲ್ಲಾಡಿದರೆ ಎಲ್ಲಿ ಹಿಡಿದುಕೊಳ್ಳುತ್ತಾರೆ, ಮಗುಚಿದರೆ ಯಾವ ಕಡೆಗೆ ಈಜುತ್ತಾರೆ ಎಂದೆಲ್ಲ ತಲೆಗೆ ಬಂತು. ಕೊಟ್ಟ ಮಾತು ನೆನಪಿತ್ತು. ನೆನಪಿದ್ದೇ ಹಾಕಿದೆ. ಬಾಯಿಗೆ ಕೈ ಅಡ್ಡ ಹಿಡಿದು, ಆಲೆಟ್ಟಿಯ ಅಂಗಳದಲ್ಲಿ ನಿಂತ ಹಾಗೆ, ಉದ್ದಕ್ಕೆ ಒಂದು ಕೂ.

ಕಾಟೊನ ಕೈಯಿಂದ ಕೋಲು ಜಾರಿತು. ಮರುಕೂ ಬರಲಿಲ್ಲ.

ಗಾಳಿಯಲ್ಲಿ ಕೇಳಿಸಲಿಲ್ಲವೇನೋ ಎಂದು ಸ್ವಲ್ಪ ಕಾದೆ. ಇನ್ನೊಂದು ಹಾಕಿದೆ. ಈ ಸಲ ಅಳು ಸೇರಿತ್ತು ಎಂದು ಕಾಣುತ್ತದೆ.

ಆಗ ಬಂತು. ದೂರದಿಂದಲ್ಲ, ಹತ್ತಿರದಿಂದ, ಪಪೈರಸ್ ಗೋಡೆಯ ಆಚೆಯಿಂದಲೇ. "ಕೂ." ಇವರ ಸ್ವರ, ತೋಟದ ಕೆಳಗಿನಿಂದ ಬರುವಂಥದ್ದೇ. ಅದರ ಹಿಂದೆಯೇ ಚಾಪೆ ಕೊಡವಿದಂಥ ಸದ್ದು. ಗೋಡೆಯ ಮೇಲೆ ಒಂದು ಬೂದಿ ಬಣ್ಣದ ದೊಡ್ಡ ಜೀವ ಎದ್ದು ಬಂತು. ರೆಕ್ಕೆ ನಮ್ಮ ದೋಣಿಯಷ್ಟು ಅಗಲ. ನಮ್ಮ ತಲೆಯ ಮೇಲೆಯೇ ನಿಧಾನಕ್ಕೆ ಹೋಯಿತು. ಮುಖದಲ್ಲಿ ಆ ಮರದ ಮೆಟ್ಟು. ಅದು ಒಂದು ಕಣ್ಣಿನಿಂದ ನನ್ನನ್ನು ನೋಡಿತು ಎಂದು ನಾನು ಯಾರ ಎದುರು ಬೇಕಾದರೂ ಹೇಳುತ್ತೇನೆ. ಆಮೇಲೆ ಮೋಡದ ಕಡೆಗೆ ಹೋಗಿ ಹುಲ್ಲಿನಾಚೆ ಇಳಿದು ಇಲ್ಲವಾಯಿತು.

ಬುಲ್ವೆ ಎಂದ ಕಾಟೊ. ನಾನು ದೋಣಿಯ ಅಂಚು ಹಿಡಿದು ಕೂತೇ ಬಿಟ್ಟೆ. ಇವರ ಜೀವಮಾನದ ಹಕ್ಕಿಯನ್ನು ಓಡಿಸಿದವಳು ನಾನೇ ಎಂದು ತಿಳಿಯಲು ಯಾರೂ ಭಾಷೆ ಕಲಿಸಬೇಕಾಗಿರಲಿಲ್ಲ.

ಒಂದು ದೋಣಿ

ಸ್ವಲ್ಪ ಗಟ್ಟಿ ನೆಲ ಇರುವ ಕಡೆ ಎರಡು ದೋಣಿಗಳೂ ಸೇರಿದವು. ಕ್ಯಾಮೆರಾದ ಹೆಂಗಸು ಕೆಂಪಗಾಗಿದ್ದಳು. ಅವಳು ಹೇಳಿದ್ದರಲ್ಲಿ ಅರ್ಧ ನನಗೆ ಅರ್ಥವಾಗಲಿಲ್ಲ, ಅರ್ಥವಾದ ಅರ್ಧವೇ ಸಾಕಿತ್ತು. ಅವಳ ಕೋಪ ನ್ಯಾಯದ್ದೇ. ಅವಳೂ ಸಮುದ್ರ ದಾಟಿ ಬಂದವಳು, ಹಕ್ಕಿ ಬಾಯಿ ತೆರೆದು ಮೀನು ಹಿಡಿಯುವುದನ್ನು ಕಾಯುತ್ತಿದ್ದಳು. ನಾನು ಕೈ ಮುಗಿದೆ. ಅವಳು ನೋಡಲಿಲ್ಲ. ಈ ಮನುಷ್ಯನ ಜೊತೆ ತಾನು ಕೂರುವುದಿಲ್ಲ ಎಂದು ಕಾಟೊನ ದೋಣಿಗೆ ಹೋದಳು. ಹಾಗೆ ವಾಸ್ವಾ ನನ್ನನ್ನು ಇವರ ಎದುರಿಗೆ ಕೂರಿಸಬೇಕಾಯಿತು. ದೋಣಿ ಒಂದು ಗೇಣು ತಗ್ಗಿತು.

"ನನ್ನಿಂದ ಹೋಯ್ತಲ್ಲ," ಎಂದೆ. "ನೀವು ಎಷ್ಟು ಹೇಳಿದ್ರಿ. ನನ್ನ ಬಾಯಿಗೆ ಮಣ್ಣು ಹಾಕ್ಬೇಕು."

"ಕಂಡಿತು ಮಾರಾಯ್ತಿ."

"ಹೌದು, ನಾನು ಕೂ ಹಾಕುವ ಮೊದ್ಲು ನೋಡಿದ್ರಿ. ಸರಿಯಾಗಿ ನೋಡ್ಲಿಕ್ಕೆ ಬಿಡ್ಲಿಲ್ಲ ನಾನು."

"ಮೊದ್ಲು ಕಾಣ್ಲಿಲ್ಲ," ಎಂದರು ಇವರು. ವಾಸ್ವಾನ ಕಡೆ ಕೈ ತೋರಿಸಿದರು. "ಇವ ಪಾಪ ಎಷ್ಟು ತೋರಿಸಿದ. ನನ್ನ ಗಲ್ಲ ಹಿಡಿದು ತಿರುಗಿಸಿ, ನೇರ ನೋಡಿ, ಅಲ್ಲೇ ನಿಂತಿದೆ ನೋಡಿ ಅಂತ. ನೇರ ನೋಡಿದ್ರೆ ನನ್ಗೆ ಬರೀ ಹೊಗೆ. ಬದಿಗೆ ನೋಡಿದ್ರೆ ಬರೀ ಹುಲ್ಲು. ಅದು ಅಲ್ಲಾಡುದೇ ಇಲ್ಲ. ಅವನಿಗೆ ಬೇಸರ ಆಗ್ತದೆ ಅಂತ ಕಂಡಿತು, ಕಂಡಿತು ಅಂತ ಹೇಳಿದೆ. ಆಯ್ತು, ಇಷ್ಟೇ ನಮ್ಮ ಯೋಗ ಅಂತ ಕೂತಿದ್ದೆ. ಆಗ ನೀನು ಹಾಕಿದಿ."

"ಮೊದಲನೇದಕ್ಕೆ ಯಾಕೆ ಉತ್ತರ ಕೊಡ್ಲಿಲ್ಲ?"

"ಆಯಮ್ಮ ಫೋಟೋ ತೆಗೀತಾ ಇದ್ಳು. ಬಾಯಿ ಮುಚ್ಚಿ ಕೂತೆ. ಎರಡನೇದು ಬಂತಲ್ಲ, ಆಗ ಕೂತುಕೊಳ್ಳಿಕ್ಕೆ ಆಗ್ಲಿಲ್ಲ. ಹಕ್ಕಿ ಹೋದ್ರೆ ಹೋಗ್ಲಿ ಅಂತ ಹಾಕಿದೆ." ಇವರು ಎರಡೂ ಕೈ ಅಗಲಿಸಿ ತೋರಿಸಿದರು, ವಾಸ್ವಾ ತಲೆ ತಗ್ಗಿಸಬೇಕಾಯಿತು. "ಹಾಕಿದ್ದೇ ಎದ್ದಿತು. ಬದಿಯಿಂದ ಎದ್ದಿತು. ಅಬ್ಬ, ರೆಕ್ಕೆಯಾ ಅದು! ಪೂರ್ತಿ ಕಂಡಿತು. ಬಡಿದದ್ದು, ತಿರುಗಿದ್ದು, ನಿನ್ನ ಕಡೆಗೆ ಬಂದದ್ದು, ಎಲ್ಲ."

ನಾನು ಅತ್ತೆ. ಇವರು ಹೇಳುತ್ತಲೇ ಇದ್ದರು, ಮದುವೆಯಾದಂದಿನಿಂದ ಇವರು ಅಷ್ಟು ಮಾತಾಡಿದ್ದು ನನಗೆ ನೆನಪಿಲ್ಲ. ಹೇಳುವಾಗ ಮಾತ್ರ ಎಂದಿನ ಹಾಗೆಯೇ ಮುಖ ತಿರುಗಿಸಿ ಪಪೈರಸ್ ನೋಡುತ್ತಿದ್ದರು. ಅಳುವಿನ ನಡುವೆಯೂ ನನಗೆ ರೇಗಿತು.

"ಇಷ್ಟಾದ ಮೇಲೂ ಆ ಹುಲ್ಲು ನೋಡ್ಕೊಂಡು ಎಂತ ಮಾತಾಡುದು? ಇಲ್ಲಿ, ನನ್ನನ್ನು ನೋಡಿ ಮಾತಾಡಿ."

"ನಿನ್ನನ್ನೇ ನೋಡುದು," ಎಂದರು. "ನೇರ ನೋಡಿದ್ರೆ ನಿನ್ನ ಮುಖ ಹೊಗೆ. ಹೀಗೆ ಆಚೆ ತಿರುಗಿದ್ರೆ ಅಂಚಿನಲ್ಲಿ ನೀನು ಸರಿ ಕಾಣ್ತಿ. ಮೂಗುಬೊಟ್ಟೂ ಕಾಣ್ತದೆ. ಈಗ ಅಳ್ತಾ ಇದ್ದಿ."

ಬಾವಿಯ ಕಡೆ, ಹಟ್ಟಿಯ ಕಡೆ, ಅಡಿಸ್ ಅಬಾಬದ ಕಾಫಿ ಅಂಗಡಿಯ ಕಡೆ. ಒಂದು ವರ್ಷವಿಡೀ ಇವರು ಬೇರೆಲ್ಲೋ ನೋಡುತ್ತಿದ್ದಾರೆ ಎಂದು ನಾನು ಪಾತ್ರೆ ಕುಕ್ಕಿದ್ದೆ. ಸೆರಗಿನಲ್ಲಿ ಮುಖ ಒರಸಿಕೊಂಡು, ಕೂದಲು ಸರಿಮಾಡಿಕೊಂಡು ಕೂತೆ. ಮಳೆ ಹನಿಯತೊಡಗಿತು. ವಾಸ್ವಾ ನಮ್ಮಿಬ್ಬರನ್ನೂ ನೋಡಿ ದಂಡೆಯ ಕಡೆಗೆ ಕೋಲು ಹಾಕಿದ.

ಮತ್ತೆ ಆಲೆಟ್ಟಿ

ಬಂದ ಮೇಲೆ ಹಕ್ಕಿಯ ಕಥೆ ಕೇಳಲು ನೆಂಟರು ಬರುತ್ತಿರುತ್ತಾರೆ. ರೆಕ್ಕೆಯ ಭಾಗ ಇವರದ್ದು. ಕೊಕ್ಕು ಹೇಗಿತ್ತು ಎಂದು ಕೇಳಿದರೆ ನಾನು ಹೇಳಬೇಕು, ಹಾರುವ ಭರದಲ್ಲಿ ಇವರಿಗೆ ಅದು ಕಾಣಲಿಲ್ಲವಲ್ಲ. ಕೂ ಹಾಕಿದ ಭಾಗವನ್ನು ಇಬ್ಬರೂ ಹೇಳುತ್ತೇವೆ, ಇಬ್ಬರದ್ದೂ ಬೇರೆ ಬೇರೆ.

ಮೊನ್ನೆ ಕಾಣಿಯೂರಿನಿಂದ ನನ್ನ ನಾದಿನಿ ಬಂದಿದ್ದಳು. ಚಾವಡಿಯಲ್ಲಿ ನಾನು ಮಾತಾಡುತ್ತಾ ಅಡಿಕೆ ಹೋಳು ಮಾಡುತ್ತಿದ್ದೆ. ಇವರು ಎದುರಿಗೆ ಕೂತು ಹಟ್ಟಿಯ ಕಡೆ ಮುಖ ಮಾಡಿ ಹೂಂಗುಟ್ಟುತ್ತಿದ್ದರು. ನಾದಿನಿ ಅದನ್ನು ನೋಡಿ, ನಾನು ಅಡಿಗೆಮನೆಗೆ ಹೋದಾಗ ಹಿಂದೆಯೇ ಬಂದು ಮೆಲ್ಲಗೆ ಕೇಳಿದಳು: "ಅತ್ತಿಗೆ, ಎಂತ ಜಗಳವಾ? ಅಣ್ಣ ನಿಮ್ಮ ಮುಖವೇ ನೋಡುದಿಲ್ಲ ಅಲ್ವಾ?"

"ಎಲ್ಲಿಯ ಜಗಳ," ಎಂದೆ. "ನನ್ನನ್ನು ಬಿಟ್ಟು ಬೇರೆ ಎಂತದನ್ನೂ ನೋಡುದಿಲ್ಲ ಅವರು."